ತಾಯಿ ಕೋಳಿ ಹೋದ ಮೇಲೆ ಹನ್ನೊಂದು ತತ್ತಿ: ಒಳಗೆ ಜೀವ ಇದೆಯಾ ಎಂದು ನೋಡುತ್ತಾ ಕಳೆದ ಐದು ದಿನ

ಜನವರಿ 15ರ ಬೆಳಿಗ್ಗೆ ಆರೂವರೆಗೆ ನಾವು ವಸ್ತಿಗೆ, ಅಂದರೆ ಹೊಲದ ಮನೆಗೆ, ಬಂದಾಗ ದನದ ಕೊಟ್ಟಿಗೆಯ ಮುಂದೆ ಕೆಂಚು ಪುಕ್ಕ ಚೆಲ್ಲಾಡಿತ್ತು. ಕಾವಿಗೆ ಕೂತಿದ್ದ ನಮ್ಮ ಜವಾರಿ ಕೋಳಿಯ ಪುಕ್ಕ. ಮೂಲೆಯ ಬುಟ್ಟಿಯಲ್ಲಿ ಕೋಳಿ ಇರಲಿಲ್ಲ. ಶೇಂಗಾ ಹೊಟ್ಟಿನ ಮೇಲೆ ತತ್ತಿ ಮಾತ್ರ ಇದ್ದವು. ಒಂದು ಒಡೆದಿತ್ತು. ಉಳಿದ ಹನ್ನೊಂದನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿದ್ದವು.

ಹಿಂದಿನ ದಿನ ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗಿದ್ದೆವು. ರಾತ್ರಿ ನಾದಿನಿಯ ಮನೆಯಲ್ಲೇ ಉಳಿದೆವು. ವಸ್ತಿಯಲ್ಲಿ ಮಾವ ಒಬ್ಬರೇ ಇದ್ದರು. ನಾಯಿ ಬೊಗಳಿದ್ದು ಅವರಿಗೆ ಕೇಳಿತ್ತಂತೆ. ಹೊರಗೆ ಬಂದು ಬ್ಯಾಟರಿ ಬಿಟ್ಟು ನೋಡಿದರೆ ಏನೂ ಕಾಣಲಿಲ್ಲವಂತೆ. ಕಾಡುಬೆಕ್ಕೇ ಇರಬೇಕು. ಎಷ್ಟು ಹೊತ್ತಿಗೆ ಬಂತು ಎಂಬುದು ಮಾವನಿಗೂ ನೆನಪಿಲ್ಲ. ಜನವರಿಯ ಆ ಚಳಿಯಲ್ಲಿ ತತ್ತಿಗಳು ಎಷ್ಟು ತಾಸು ಹಾಗೇ ಬಿದ್ದಿದ್ದವು ಅಂತ ಹೇಳುವವರು ಯಾರೂ ಇರಲಿಲ್ಲ.

ಕೋಳಿ ಕೂತದ್ದು ಡಿಸೆಂಬರ್ 27ರ ಸಂಜೆ. ಹದಿಮೂರು ತತ್ತಿ ಇಟ್ಟಿದ್ದೆವು. ಏಳನೇ ದಿನ ಬ್ಯಾಟರಿ ಹಿಡಿದು ನೋಡಿ ಒಂದು ಗೊಡ್ಡು ತತ್ತಿ ತೆಗೆದಿದ್ದೆ. ಉಳಿದ ಹನ್ನೆರಡರಲ್ಲೂ ಕೆಂಪು ನರ ಜೇಡರ ಬಲೆಯ ಹಾಗೆ ಹರಡಿತ್ತು. ಕೋಳಿ ತತ್ತಿಗೆ ಇಪ್ಪತ್ತೊಂದು ದಿನ. ಜಾತ್ರೆಯ ರಾತ್ರಿಗೆ ಹದಿನೆಂಟು ತುಂಬಿತ್ತು. ಇನ್ನು ಮೂರೇ ದಿನ ಇತ್ತು.

ತಣ್ಣಗಾದ ತತ್ತಿ ಕೈಯಲ್ಲಿ ಹಿಡಿದು ಸುಮ್ನೆ ನಿಂತಿದ್ದೆ. ಎಲ್ಲ ಹೋಯಿತು ಅಂದುಕೊಂಡೆ. ತಿಪ್ಪೆಗೆ ಹಾಕಿಬಿಡೋಣ ಎಂದು ಬುಟ್ಟಿಗೆ ಕೈ ಹಾಕಿದಾಗ ಅತ್ತೆ ಬಂದು ಕೈ ಹಿಡಿದರು.

"ಒಗೀಬ್ಯಾಡ ಯವ್ವಾ. ತಣ್ಣಗಾದದ್ದೆಲ್ಲಾ ಸತ್ತದ್ದಲ್ಲ. ಮೊದ್ಲ ಬೆಚ್ಚಗ ಮಾಡು, ಆಮ್ಯಾಲ ನೋಡೂಣು."

ಈ ಐದು ದಿನದಲ್ಲಿ ನನಗೆ ಯಾರಾದರೂ ಹೇಳಿದ ಮಾತುಗಳಲ್ಲಿ ಇದೇ ದೊಡ್ಡದು. ತಣ್ಣಗಿದ್ದಾಗ ಒಳಗಿನ ಮರಿ ಅಲ್ಲಾಡುವುದಿಲ್ಲ. ಎದೆಬಡಿತ ಕೂಡ ತೀರಾ ನಿಧಾನ ಆಗುತ್ತದೆ. ಆಗ ಬೆಳಕು ಹಿಡಿದು ನೋಡಿದರೆ ಬದುಕಿದ್ದೂ ಸತ್ತ ಹಾಗೇ ಕಾಣುತ್ತದೆ. ನಿಮಗೂ ಹೀಗೇ ಆಗಿದ್ದರೆ, ಅಂದರೆ ಕೋಳಿ ಎದ್ದು ಹೋಗಿದ್ದರೆ, ಕರೆಂಟು ಹೋಗಿ ಕಾವು ಕೊಡುವ ಪೆಟ್ಟಿಗೆ ತಣ್ಣಗಾಗಿದ್ದರೆ, ಮೊದಲು ಕಾವು ಕೊಡಿ. ಕನಿಷ್ಠ ಏಳೆಂಟು ತಾಸು ಕಾವು ಸಿಕ್ಕ ಮೇಲೆ ನೋಡಿ.

ನಾವು ಮಾಡಿದ್ದು ಇಷ್ಟು. ಒಂದು ಪುಟ್ಟಿಯಲ್ಲಿ ಕೌದಿ ಹಾಸಿ, ಎರಡು ಬಾಟಲಿಗೆ ಬಿಸಿ ನೀರು ತುಂಬಿ, ಅವಕ್ಕೆ ಬಟ್ಟೆ ಸುತ್ತಿ, ನಡುವೆ ತತ್ತಿ ಇಟ್ಟು ಮೇಲೆ ಇನ್ನೊಂದು ಮಡಿಕೆ ಕೌದಿ ಹೊದಿಸಿದೆವು. ನೀರಿನ ಬಾಟಲಿ ತತ್ತಿಗೆ ನೇರ ತಾಗಬಾರದು. ಬಸವನ ಬಾಗೇವಾಡಿ ಕಡೆ ನನ್ನ ಅಣ್ಣನೊಬ್ಬ ಪೆಟ್ಟಿಗೆಯಲ್ಲಿ ಮರಿ ಮಾಡಿಸುತ್ತಾನೆ. ಅವನಿಗೆ ಫೋನ್ ಹಚ್ಚಿದೆ. "ತಂಗೀ, ಗಡಿಬಿಡಿ ಮಾಡಬ್ಯಾಡ. ಬಿಸಿ ಜಾಸ್ತಿ ಆತಂದ್ರ ಥಂಡಿಗೆ ಉಳದದ್ದೂ ಹೋಗತಾವ" ಅಂದ. ಕೊನೆಯ ದಿನಗಳಲ್ಲಿ ಮರಿ ಒಂದಿಷ್ಟು ಥಂಡಿ ತಡೆಯುತ್ತದೆ, ಬಿಸಿ ತಡೆಯುವುದಿಲ್ಲ. 40 ಡಿಗ್ರಿ ದಾಟಿ ಕೆಲವು ತಾಸು ಇದ್ದರೆ ಮುಗಿಯಿತು.

ಇನ್ನೊಂದು ಕಾವಿಗೆ ಕೂತ ಕೋಳಿ ಸಿಕ್ಕಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ರಾತ್ರಿ ಕತ್ತಲಲ್ಲಿ ಅದರ ಕೆಳಗೆ ತತ್ತಿ ಸರಿಸಿಬಿಟ್ಟರೆ ಅದೇ ನೋಡಿಕೊಳ್ಳುತ್ತದೆ. ಸುತ್ತ ಮೂರು ವಸ್ತಿಗೆ ಹೋಗಿ ಕೇಳಿದೆ. ಎಲ್ಲೂ ಕೂತ ಕೋಳಿ ಇರಲಿಲ್ಲ.

ಹಾಗಾಗಿ ಪೆಟ್ಟಿಗೆ ಮಾಡಲೇಬೇಕಾಯಿತು. ನಮ್ಮ ಯಜಮಾನರು ಗಾಡಿ ತಗೊಂಡು ಮತ್ತೆ ವಿಜಯಪುರಕ್ಕೆ ಹೋದರು. ಹೋಗಿ ಬರಲು ಒಂದು ತಾಸು ಸಾಕು, ಆದರೆ ಅವರು ಬಂದದ್ದು ಮಧ್ಯಾಹ್ನ ಎರಡಕ್ಕೆ. ಜಾತ್ರೆಯ ಗದ್ದಲ ಒಂದು ಕಾರಣ. ಇನ್ನೊಂದು, ನಾವು ಯಾರೂ ಯೋಚಿಸಿರದ ಕಾರಣ: ಬಲ್ಬು. ಈಗ ಎಲ್ಲ ಅಂಗಡಿಯಲ್ಲೂ ಎಲ್‌ಇಡಿ. ಅದರಲ್ಲಿ ಬೆಳಕಿದೆ, ಕಾವಿಲ್ಲ. ನಮಗೆ ಬೇಕಾದದ್ದು ಒಳಗೆ ತಂತಿ ಕಾಯುವ ಹಳೇ ಗಾಜಿನ ಬಲ್ಬು. ಐದನೇ ಅಂಗಡಿಯಲ್ಲಿ ಧೂಳು ಹಿಡಿದ ರಟ್ಟಿನ ಪೆಟ್ಟಿಗೆಯಿಂದ 60 ವ್ಯಾಟಿನ ಎರಡು ತೆಗೆದುಕೊಟ್ಟರಂತೆ. ಕೋಳಿ ಸಾಕುವವರು ಮನೆಯಲ್ಲಿ ಇಂಥ ಎರಡು ಬಲ್ಬು ಈಗಲೇ ತಂದಿಡಿ. ಬೇಕಾದ ದಿನ ಹುಡುಕಲು ಪುರುಸೊತ್ತಿರುವುದಿಲ್ಲ.

ಖರ್ಚು ಕೇಳುವವರಿಗೆ: ಎರಡು ಬಲ್ಬಿಗೆ ₹40, ಹೋಲ್ಡರ್ ಮತ್ತು ವೈರಿಗೆ ₹80, ಕಾವು ಜಾಸ್ತಿಯಾದಾಗ ತಾನೇ ಬಲ್ಬು ಆರಿಸುವ ಥರ್ಮೋಸ್ಟಾಟ್ ಬೋರ್ಡಿಗೆ ₹250, ಕಾವು ಮತ್ತು ತೇವಾಂಶ ಎರಡನ್ನೂ ತೋರಿಸುವ ಚಿಕ್ಕ ಮೀಟರಿಗೆ ₹300, ಔಷಧಿ ಅಂಗಡಿಯ ಹಳೇ ಥರ್ಮಾಕೋಲ್ ಪೆಟ್ಟಿಗೆಗೆ ₹60. ಮನೆಗೆ ಬಂದ ಮೇಲೆ ಗೊತ್ತಾಯಿತು, ಆ ಬೋರ್ಡಿಗೆ 12 ವೋಲ್ಟಿನ ಅಡಾಪ್ಟರ್ ಬೇರೆ ಬೇಕು. ಪುಣ್ಯಕ್ಕೆ ಹಾಳಾದ ಸೆಟ್‌ಟಾಪ್ ಬಾಕ್ಸಿನದು ಮನೆಯಲ್ಲಿತ್ತು. ಕೊಂಡರೆ ಅದಕ್ಕೂ ದುಡ್ಡು. ಪೆಟ್ರೋಲ್ ₹150. ಒಟ್ಟು ₹880. ಹನ್ನೊಂದು ತತ್ತಿಗೆ ಇಷ್ಟು ಖರ್ಚು ಯಾಕೆ ಎಂದು ಪಕ್ಕದ ವಸ್ತಿಯವರು ಕೇಳಿದರು. ಆ ಕೋಳಿ ಅತ್ತೆ ತವರಿನಿಂದ ತಂದ ಕೋಳಿಯ ಸಂತಾನ. ಅದರ ಮೊಮ್ಮರಿ, ಮರಿಮೊಮ್ಮರಿಗಳೇ ನಮ್ಮಲ್ಲಿರುವುದು. ಕೋಳಿ ಹೋಯಿತು, ಆ ತಳಿಯೂ ಹೋಗಬಾರದು ಅನ್ನುವುದು ಅವರ ಆಸೆ.

ಪೆಟ್ಟಿಗೆಯಲ್ಲಿ ಮೊದಲ ತಪ್ಪು ನಾನೇ ಮಾಡಿದೆ. ಕಾವು ಅಳೆಯುವ ತಂತಿಯನ್ನು ಬಲ್ಬಿನ ಹತ್ತಿರ ಇಟ್ಟೆ. ಬೋರ್ಡು 38 ತೋರಿಸುತ್ತಿತ್ತು. ತತ್ತಿಯ ಪಕ್ಕ ಇಟ್ಟ ಮೀಟರ್ ನೋಡಿದರೆ 34. ತತ್ತಿಯ ಮೇಲ್ಭಾಗದ ಮಟ್ಟಕ್ಕೆ ತಂತಿ ಇಳಿಸಿದ ಮೇಲೆ ಸರಿಯಾಯಿತು. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ ಸಾಕು. ನಮ್ಮ ಹಾಗೆ ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಕಾವು ಮೇಲೆ ಒಂದು, ಕೆಳಗೆ ಒಂದು ಇರುತ್ತದೆ, ಅದಕ್ಕೆ ತತ್ತಿಯ ಮೇಲ್ಭಾಗದಲ್ಲಿ 38.5ರ ಹತ್ತಿರ ಇರಬೇಕು. ಮೀಟರ್ ಮೇಲೆ ನಂಬಿಕೆ ಬರದಿದ್ದರೆ ಜ್ವರ ನೋಡುವ ಥರ್ಮಾಮೀಟರ್ ಪಕ್ಕದಲ್ಲಿಟ್ಟು ತಾಳೆ ನೋಡಿ. ತೇವಾಂಶ ಕೊನೆಯ ಮೂರು ದಿನ ನೂರಕ್ಕೆ 65ರಿಂದ 70 ಇರಬೇಕು. ನಮ್ಮ ಕಡೆಯ ಜನವರಿ ಗಾಳಿ ಎಷ್ಟು ಒಣ ಅಂತ ನಿಮಗೆ ಗೊತ್ತಲ್ವಾ, ಮೀಟರ್ 35 ತೋರಿಸುತ್ತಿತ್ತು. ಒಂದು ಅಗಲ ಬಟ್ಟಲು ನೀರು, ಎರಡು ಒದ್ದೆ ಸ್ಪಂಜು ಇಟ್ಟ ಮೇಲೆ 66ಕ್ಕೆ ಏರಿತು. ಹದಿನೆಂಟು ದಿನ ಆದ ಮೇಲೆ ತತ್ತಿ ತಿರುಗಿಸುವುದನ್ನು ನಿಲ್ಲಿಸಬೇಕು. ಮರಿ ಹೊರಬರಲು ತಲೆ ಸರಿಮಾಡಿಕೊಳ್ಳುವ ಹೊತ್ತು ಅದು.

ರಾತ್ರಿ ಹತ್ತಕ್ಕೆ, ಮೂರು ಗಂಟೆಯಿಂದ ಸರಿಯಾದ ಕಾವು ಸಿಕ್ಕ ಮೇಲೆ, ನೋಡಲು ಕೂತೆವು.

ದೀಪ ಆರಿಸಿ, ಕೌದಿ ತಲೆ ಮೇಲೆ ಹೊದ್ದುಕೊಂಡು ಅತ್ತೆ ಮತ್ತು ನಾನು ಕೂತೆವು. ರಟ್ಟಿನಲ್ಲಿ ರೂಪಾಯಿ ಅಗಲದ ತೂತು ಮಾಡಿ, ಕೆಳಗಿನಿಂದ ಬ್ಯಾಟರಿ ಬಿಟ್ಟು, ತತ್ತಿಯ ದಪ್ಪ ತುದಿಯನ್ನು ತೂತಿನ ಮೇಲೆ ಕೂರಿಸಿದೆ. ಏಳನೇ ದಿನ ನೋಡಿದ ಹಾಗೆ ಇರುತ್ತದೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಹತ್ತೊಂಬತ್ತನೇ ದಿನದ ತತ್ತಿ ಪೂರ್ತಿ ಕಪ್ಪು. ಮರಿ ಒಳಗೆಲ್ಲ ತುಂಬಿಕೊಂಡಿರುತ್ತದೆ, ಬೆಳಕು ದಾಟುವುದೇ ಇಲ್ಲ. ದಪ್ಪ ತುದಿಯಲ್ಲಿ ಗಾಳಿ ಇರುವ ಭಾಗ ಮಾತ್ರ ಹಳದಿಯಾಗಿ ಹೊಳೆಯುತ್ತದೆ. ಈ ಹೊತ್ತಿಗೆ ಅದು ತತ್ತಿಯ ಕಾಲುಭಾಗಕ್ಕಿಂತ ಜಾಸ್ತಿ ಇರುತ್ತದೆ. ನೋಡಬೇಕಾದದ್ದು ಆ ಹಳದಿ ಮತ್ತು ಕಪ್ಪು ಸೇರುವ ಗೆರೆಯನ್ನು. ಬೇರೆ ಎಲ್ಲೂ ಏನೂ ಕಾಣಿಸುವುದಿಲ್ಲ.

ಮೊದಲ ತತ್ತಿಯನ್ನು ಹಿಡಿದು ನೂರರವರೆಗೆ ಎಣಿಸಿದೆ. ಏನೂ ಇಲ್ಲ. ಕೆಳಗಿಡಬೇಕು ಅನ್ನುವಷ್ಟರಲ್ಲಿ ಗೆರೆ ಒಂದು ಕಡೆ ಉಬ್ಬಿತು. ನೀರಿನ ಕೆಳಗೆ ಮೀನು ತಿರುಗಿದಾಗ ಮೇಲಿನ ನೀರು ಉಬ್ಬುತ್ತದಲ್ಲ, ಹಾಗೆ. ಮತ್ತೆ ತಟಸ್ಥ. ಅತ್ತೆ ನನ್ನ ಮೊಣಕೈ ಒತ್ತಿ ಹಿಡಿದರು. ಇಬ್ಬರೂ ಮಾತಾಡಲಿಲ್ಲ. ಗೆರೆಯ ಕೆಳಗೆ ದಾರದಷ್ಟು ಸಣ್ಣ ಕೆಂಪು ನರ ಎರಡು ಕಂಡವು. ಕೆಂಪು ಇದ್ದರೆ ರಕ್ತ ಓಡುತ್ತಿದೆ ಎಂದೇ ಅರ್ಥ.

ಹನ್ನೊಂದರಲ್ಲಿ ಆರು ಹೀಗೆ ಕಂಡವು. ಕೆಲವು ಕೂಡಲೇ ಅಲ್ಲಾಡಿದವು, ಒಂದಕ್ಕೆ ಮೂರು ನಿಮಿಷ ಕಾಯಬೇಕಾಯಿತು. ಎರಡು ಸತ್ತಿದ್ದವು, ಅದರಲ್ಲಿ ಅನುಮಾನ ಇರಲಿಲ್ಲ. ಅವುಗಳಲ್ಲಿ ಗೆರೆ ಕದಡಿದ ಹಾಗಿತ್ತು, ಕಪ್ಪಿನ ಬದಲು ಕಂದು ಬಣ್ಣ, ಸ್ವಲ್ಪ ವಾಲಿಸಿದರೆ ಒಳಗಿನದೆಲ್ಲ ನೀರಿನ ಹಾಗೆ ಜಾರುತ್ತಿತ್ತು. ಬದುಕಿರುವ ತತ್ತಿಯಲ್ಲಿ ಹೀಗೆ ಜಾರುವುದಿಲ್ಲ, ಗಟ್ಟಿಯಾಗಿ ಕೂತಿರುತ್ತದೆ. ಒಂದರಿಂದ ಸಣ್ಣ ವಾಸನೆಯೂ ಬರುತ್ತಿತ್ತು. ಅಂಥದ್ದನ್ನು ಪೆಟ್ಟಿಗೆಯಲ್ಲಿ ಬಿಡಬೇಡಿ. ಒಳಗೆ ಗಾಳಿ ತುಂಬಿ ಒಡೆದರೆ ಉಳಿದ ತತ್ತಿಗಳಿಗೂ ಕೊಳೆ ಹತ್ತುತ್ತದೆ.

ಉಳಿದ ಮೂರು ನಮ್ಮ ಸಂಕಟ. ಗೆರೆ ಚೊಕ್ಕವಾಗಿತ್ತು, ಒಳಗಿನದು ಗಟ್ಟಿಯಾಗಿತ್ತು, ವಾಸನೆ ಇಲ್ಲ. ಆದರೆ ಅಲ್ಲಾಡಲಿಲ್ಲ. ನರವೂ ಕಾಣಲಿಲ್ಲ. ಸೀಸದ ಕಡ್ಡಿಯಿಂದ ಅವುಗಳ ಮೇಲೆ ಸೊನ್ನೆ ಬರೆದು ಒಂದು ಪಕ್ಕಕ್ಕೆ ಇಟ್ಟೆ. ಅಲ್ಲಾಡಿದ್ದರ ಮೇಲೆ ಗೀಟು. ಬರೆಯಲು ಪೆನ್ನು, ಮಾರ್ಕರ್ ಬೇಡ, ಸೀಸದ ಕಡ್ಡಿ ಸಾಕು.

ಅತ್ತೆಯ ಬಳಿ ಇನ್ನೊಂದು ಪರೀಕ್ಷೆ ಇತ್ತು. ಕಣ್ಣು ಮುಚ್ಚಿ, ರೆಪ್ಪೆಗೆ ತತ್ತಿ ತಾಗಿಸಿ ಹಿಡಿಯುತ್ತಾರೆ. ಕೈ ಕೆಲಸ ಮಾಡಿ ಜಡ್ಡುಗಟ್ಟಿರುತ್ತದೆ, ರೆಪ್ಪೆಗೆ ಬೇಗ ತಿಳಿಯುತ್ತದೆ ಅನ್ನುತ್ತಾರೆ. ಕೊನೆಯ ದಿನಗಳಲ್ಲಿ ಬದುಕಿರುವ ಮರಿ ತಾನೇ ಕಾವು ಹುಟ್ಟಿಸುತ್ತದೆ. ಪೆಟ್ಟಿಗೆಯಿಂದ ತೆಗೆದು ಎರಡು ಮೂರು ನಿಮಿಷ ಬಿಟ್ಟರೆ ಸತ್ತ ತತ್ತಿ ಬೇಗ ಆರುತ್ತದೆ, ಬದುಕಿದ್ದು ಬೆಚ್ಚಗೇ ಇರುತ್ತದೆ. ಸೊನ್ನೆ ಬರೆದ ಮೂರರಲ್ಲಿ ಒಂದನ್ನು ರೆಪ್ಪೆಗೆ ಹಿಡಿದು ಅವರು "ಇದರಾಗ ಐತಿ" ಅಂದರು. ಉಳಿದೆರಡಕ್ಕೆ ಏನೂ ಹೇಳಲಿಲ್ಲ.

ತೂಕದ ಪರೀಕ್ಷೆಯೂ ಒಂದಿದೆ. ಹದಿನೆಂಟನೇ ದಿನಕ್ಕೆ ತತ್ತಿಯ ತೂಕ ಮೊದಲಿಗಿಂತ ನೂರಕ್ಕೆ 12ರಿಂದ 13ರಷ್ಟು ಇಳಿದಿರಬೇಕು. ಇಡುವ ದಿನ ನಾವು ತೂಕ ಮಾಡಿರಲಿಲ್ಲ, ಹಾಗಾಗಿ ನಮಗೆ ಉಪಯೋಗ ಆಗಲಿಲ್ಲ. ನೀವು ಮೊದಲ ದಿನವೇ ಮಾಡಿ ಬರೆದಿಡಿ.

16ನೇ ತಾರೀಖು ಏನೂ ಆಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು. ಬಂದದ್ದು ಒಂದೂವರೆಗೆ. ಪೆಟ್ಟಿಗೆ ಮುಚ್ಚಳ ತೆಗೆಯದೆ ಸುತ್ತಲೂ ಕೌದಿ ಹೊದಿಸಿ, ಎರಡು ಬಿಸಿ ನೀರಿನ ಬಾಟಲಿ ಕೌದಿಯೊಳಗೆ ಸರಿಸಿ ಪಕ್ಕದಲ್ಲೇ ಮಲಗಿದೆ. 33ರವರೆಗೆ ಇಳಿದಿತ್ತು. ಎರಡು ಮೂರು ತಾಸು ಕರೆಂಟು ಹೋದರೆ ಹೆದರಬೇಡಿ, ಪದೇ ಪದೇ ಮುಚ್ಚಳ ತೆಗೆದು ನೋಡುವುದೇ ಜಾಸ್ತಿ ಕೆಡುಕು.

17ರ ಸಂಜೆಗೆ ಇಪ್ಪತ್ತೊಂದು ತುಂಬಿತು. ಒಂದು ತತ್ತಿಯೂ ಬಿರುಕು ಬಿಟ್ಟಿರಲಿಲ್ಲ. ನನಗೆ ಊಟ ಸೇರಲಿಲ್ಲ. ಅಣ್ಣನಿಗೆ ಫೋನ್ ಮಾಡಿದರೆ, "ತಣ್ಣಗಾಗಿದ್ದವು, ಅದಕ್ಕ ತಡ ಆಗತೈತಿ. ಇನ್ನೊಂದೆರಡು ದಿನ ಕಾಯಿ" ಅಂದ. ಅವನ ಮಾತು ಸರಿ ಇತ್ತು. ಕಾವು ತಪ್ಪಿದ ತತ್ತಿಗೆ ಇಪ್ಪತ್ತೊಂದರ ಲೆಕ್ಕ ಹಿಡಿಯಬಾರದು.

ಅದೇ ರಾತ್ರಿ ಗೀಟು ಹಾಕಿದ ಒಂದನ್ನು ಬೆಳಕಿಗೆ ಹಿಡಿದಾಗ ಗೆರೆ ವಾರೆಯಾಗಿ ಇಳಿದಿತ್ತು. ಹಳದಿ ಭಾಗದೊಳಗೆ ಚೂಪಾದ ನೆರಳೊಂದು ಬಂದು ಹೋಗುತ್ತಿತ್ತು. ಕೊಕ್ಕು. ಒಳಗಿನ ಪೊರೆ ಹರಿದು ಮರಿ ಗಾಳಿಯ ಜಾಗಕ್ಕೆ ಮೂತಿ ಹಾಕಿತ್ತು. ಕಿವಿಗೆ ಹಿಡಿದೆ. ಮೊದಲು ಉಗುರಿನಿಂದ ಹಲಗೆ ಕೆರೆದ ಹಾಗೆ ಟಕ್ ಟಕ್. ಆಮೇಲೆ ತೀರಾ ದೂರದಿಂದ ಬಂದ ಹಾಗೆ, "ಚಿಂವ್". ಬಿರುಕೇ ಇಲ್ಲದ ತತ್ತಿಯೊಳಗಿನಿಂದ. ಮಲಗಿದ್ದ ಮಾವನನ್ನು ಎಬ್ಬಿಸಿ ಅವರ ಕಿವಿಗೂ ಹಿಡಿದೆ. ತಮ್ಮ ಬೊಗಳುವ ನಾಯಿಯನ್ನು ನಂಬದೆ ಒಳಗೆ ಹೋದೆ ಎಂದು ಮೂರು ದಿನದಿಂದ ಕೊರಗುತ್ತಿದ್ದರು. ಕೇಳಿ ಎದ್ದು ಕೂತರು.

ಒಳಗಿನ ಪೊರೆ ಹರಿದ ಮೇಲೆ ಹೊರಗಿನ ಚಿಪ್ಪಿಗೆ ಮೊದಲ ತೂತು ಬೀಳಲು ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ. ತೂತು ಬಿದ್ದ ಮೇಲೆ ಹೊರಬರಲು ಇನ್ನೂ ಒಂದು ದಿನ ಆಗಬಹುದು. ನಡುವೆ ತಾಸುಗಟ್ಟಲೆ ಮರಿ ಸುಮ್ಮನಿರುತ್ತದೆ. ಆಗ ಅದು ಶ್ವಾಸಕೋಶದಲ್ಲಿ ಉಸಿರಾಡಲು ಕಲಿಯುತ್ತಿರುತ್ತದೆ, ಉಳಿದ ಹಳದಿ ಲೋಳೆಯನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿರುತ್ತದೆ. ಸುಮ್ಮನಿದೆ ಎಂದು ಸತ್ತಿದೆ ಅಂದುಕೊಳ್ಳಬೇಡಿ. ಇದನ್ನು ನಾನು ಮರುದಿನ ಮರೆತೆ.

18ರ ಬೆಳಿಗ್ಗೆ ಒಂದು, ಮಧ್ಯಾಹ್ನದೊಳಗೆ ಮೂರು ತೂತು ಬಿದ್ದವು. ಎಲ್ಲ ಗೀಟಿನವು. ಸೊನ್ನೆಯ ಮೂರರಲ್ಲಿ ಸದ್ದಿಲ್ಲ. ಆಗ ನೀರಿನ ಪರೀಕ್ಷೆ ಮಾಡಿದೆ. ಇದು ಹಳ್ಳಿಯಲ್ಲಿ ಮೊದಲಿಂದ ಇರುವ ಪರೀಕ್ಷೆಯೇ. ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು, ನಮ್ಮ ಮೈ ಕಾವಿನಷ್ಟೇ, 37ರಿಂದ 38. ನೀರು ಪೂರ್ತಿ ನಿಂತ ಮೇಲೆ ಮೆಲ್ಲಗೆ ತತ್ತಿ ಬಿಡಬೇಕು. ಬೋಗುಣಿ ಇಟ್ಟ ಹಲಗೆಗೂ ಕೈ ತಾಗಬಾರದು. ಜೀವ ಇದ್ದರೆ ತತ್ತಿ ತಾನೇ ತುಯ್ದಾಡುತ್ತದೆ. ಚಿಪ್ಪಿಗೆ ಕೂದಲಿನಷ್ಟು ಬಿರುಕಿದ್ದರೂ ಇದನ್ನು ಮಾಡಲೇಬಾರದು, ನೀರು ಒಳಹೋಗಿ ಮರಿ ಮುಳುಗುತ್ತದೆ. ಬೆಳಕು ಹಿಡಿದು ಮೊದಲು ಬಿರುಕು ಹುಡುಕಿ. ಒಂದು ನಿಮಿಷಕ್ಕಿಂತ ಜಾಸ್ತಿ ನೀರಲ್ಲಿ ಬಿಡಬೇಡಿ, ತೆಗೆದು ಒತ್ತಿ ಒರೆಸದೆ ಹಾಗೇ ಪೆಟ್ಟಿಗೆಗೆ ಇಡಿ.

ಅತ್ತೆ "ಐತಿ" ಅಂದಿದ್ದ ತತ್ತಿ ನೀರಲ್ಲಿ ಎರಡು ಸಲ ಅಲ್ಲಾಡಿ ಸುತ್ತ ಉಂಗುರ ಎಬ್ಬಿಸಿತು. ಉಳಿದೆರಡು ತೇಲಿದವು, ಅಲ್ಲಾಡಲಿಲ್ಲ.

ಬೆಳಕಿನಲ್ಲಿ ಅಲ್ಲಾಡಲಿಲ್ಲ, ನೀರಲ್ಲೂ ಅಲ್ಲಾಡಲಿಲ್ಲ, ದಿನ ಇಪ್ಪತ್ತೆರಡು. ಸತ್ತಿವೆ ಎಂದು ತೀರ್ಮಾನಿಸಿದೆ. ಯಾಕೆ ಸತ್ತವು, ಯಾವ ದಿನ ಸತ್ತವು ಎಂದು ತಿಳಿಯೋಣ ಎಂದು ಸಂಜೆ ಆರಕ್ಕೆ ಒಂದನ್ನು ಹಿತ್ತಲಿಗೆ ಒಯ್ದು, ಚೂಪು ತುದಿಯನ್ನು ಕಲ್ಲಿಗೆ ತಟ್ಟಿದೆ.

ರಕ್ತ ಬಂತು. ಕೆಂಪಗೆ, ತೆಳ್ಳಗೆ, ಬೆರಳ ಸಂದಿನಲ್ಲಿ ಇಳಿಯಿತು. ಸತ್ತದ್ದರಿಂದ ಹೀಗೆ ರಕ್ತ ಬರುವುದಿಲ್ಲ. ಚಿಪ್ಪು ಸರಿಸಿದರೆ ಒದ್ದೆ ಪುಕ್ಕ ಮೈಗೆ ಅಂಟಿದ ಮರಿ, ಹೊಕ್ಕಳ ಹತ್ತಿರ ಇನ್ನೂ ಒಳಹೋಗದ ಹಳದಿ ಚೀಲ. ಎದೆ ಏರಿ ಇಳಿಯುತ್ತಿತ್ತು. ಕಾಲಿನ ಬೆರಳು ಒಂದು ಸಲ ಬಿಚ್ಚಿ ಮುಚ್ಚಿತು. ಸೆರಗಿನಲ್ಲಿ ಸುತ್ತಿ ಓಡಿ ಬಂದು ಪೆಟ್ಟಿಗೆಯಲ್ಲಿಟ್ಟೆ. ಹತ್ತು ನಿಮಿಷ ಇತ್ತು.

ಅತ್ತೆ ಬಯ್ಯಲಿಲ್ಲ. ಆ ರಾತ್ರಿ ಮೂರು ಮರಿ ಹೊರಬಂದವು, ಮನೆಯವರೆಲ್ಲ ಖುಷಿಪಟ್ಟರು, ನಾನು ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ನಾನು ಇದನ್ನೆಲ್ಲ ಕೂತು ಬರೆಯುತ್ತಿರುವುದೇ ಆ ಒಂದು ತತ್ತಿಗಾಗಿ. ಬೆಳಕು ಅಥವಾ ನೀರಿನ ಪರೀಕ್ಷೆಯಲ್ಲಿ ಅಲ್ಲಾಡಿದರೆ ಜೀವ ಇದೆ ಎಂಬುದು ಖಾತ್ರಿ. ಅಲ್ಲಾಡದಿದ್ದರೆ ಏನೂ ಖಾತ್ರಿ ಇಲ್ಲ. ಮರಿ ನಿದ್ದೆಯಲ್ಲಿರಬಹುದು, ಜಾಗ ಸಾಲದೆ ಬಿಗಿಯಾಗಿ ಕೂತಿರಬಹುದು. ವಾಸನೆ, ಕದಡಿದ ಗೆರೆ, ಒಳಗೆ ಜಾರುವ ನೀರು, ಇವು ಇಲ್ಲದಿದ್ದರೆ ಇಪ್ಪತ್ತನಾಲ್ಕನೇ ದಿನದವರೆಗೂ ಒಡೆಯಬೇಡಿ.

ಆಮೇಲೂ ನೋಡಲೇಬೇಕು ಅನ್ನಿಸಿದರೆ ಅದಕ್ಕೊಂದು ರೀತಿ ಇದೆ. ಅಣ್ಣ ಮರುದಿನ ಹೇಳಿಕೊಟ್ಟ. ಒಡೆಯುವುದು ದಪ್ಪ ತುದಿಯಲ್ಲಿ, ಚೂಪು ತುದಿಯಲ್ಲಿ ಎಂದೂ ಅಲ್ಲ. ಬೆಳಕು ಹಿಡಿದು ಗಾಳಿಯ ಜಾಗ ಎಲ್ಲಿದೆ ಎಂದು ಸೀಸದ ಕಡ್ಡಿಯಿಂದ ಗುರುತು ಮಾಡಿ, ಅದರ ನಡುವೆ ಸ್ವಚ್ಛ ಮಾಡಿದ ಸೂಜಿ ತಿರುಗಿಸುತ್ತಾ ಸಾಸಿವೆಯಷ್ಟು ತೂತು ಮಾಡಬೇಕು. ಅಲ್ಲಿ ಮರಿ ಇರುವುದಿಲ್ಲ, ಗಾಳಿ ಮಾತ್ರ. ತೂತು ಜೋಳದ ಕಾಳಿನಷ್ಟು ಆದ ಮೇಲೆ ಒಳಗಿನ ಬಿಳಿ ಪೊರೆ ಕಾಣುತ್ತದೆ. ಅದರ ಮೇಲೆ ಒಂದು ಹನಿ ಬೆಚ್ಚಗಿನ ನೀರು ಬಿಟ್ಟರೆ ಪೊರೆ ತಿಳಿಯಾಗಿ ನರ ಕಾಣಿಸುತ್ತದೆ. ಕೆಂಪು ನರ ಇದ್ದರೆ, ಉಸಿರಿಗೆ ಪೊರೆ ಅಲ್ಲಾಡಿದರೆ, ಅಲ್ಲಿಗೇ ನಿಲ್ಲಿಸಿ ತೂತನ್ನು ಅರ್ಧ ಮುಚ್ಚುವ ಹಾಗೆ ಪಟ್ಟಿ ಅಂಟಿಸಿ ವಾಪಸ್ ಇಡಬೇಕು.

19ನೇ ತಾರೀಖು ಇನ್ನೆರಡು ಗೀಟಿನವು ಹೊರಬಂದವು. ಆರನೆಯದು ತೂತು ಮಾಡಿ, ಕೊಕ್ಕು ಹೊರಗಿಟ್ಟು, ಅಲ್ಲೇ ಸತ್ತಿತು. ಪೊರೆ ಒಣಗಿ ಹಪ್ಪಳದ ಹಾಗೆ ಮೈಗೆ ಬಿಗಿದಿತ್ತು. ಹಿಂದಿನ ದಿನ ನೀರಿನ ಪರೀಕ್ಷೆಗೆ, ಆಮೇಲೆ ಆ ಮರಿಯನ್ನು ಇಡಲಿಕ್ಕೆ ಎಂದು ನಾನು ಮುಚ್ಚಳವನ್ನು ನಾಲ್ಕೈದು ಸಲ ತೆಗೆದಿದ್ದೆ. ಪ್ರತಿ ಸಲ ತೇವಾಂಶ 40ಕ್ಕೆ ಇಳಿಯುತ್ತಿತ್ತು. ಒಂದು ತತ್ತಿಗೆ ತೂತು ಬಿದ್ದ ಮೇಲೆ ಬೇರೆ ತತ್ತಿಯ ಪರೀಕ್ಷೆಗಾಗಿ ಪೆಟ್ಟಿಗೆ ತೆರೆಯಬಾರದು. ಹುಟ್ಟಿದ ಮರಿ ಹಸಿದಿದೆ ಎಂದೂ ತೆರೆಯುವುದು ಬೇಡ, ಹೊಟ್ಟೆಯಲ್ಲಿನ ಹಳದಿ ಅದನ್ನು ಎರಡು ದಿನ ಸಾಕುತ್ತದೆ.

ಸಂಜೆ ನಾಲ್ಕಕ್ಕೆ ನೀರಲ್ಲಿ ಅಲ್ಲಾಡಿದ್ದ ತತ್ತಿಯ ಮರಿ ಬಂತು. ಅಲ್ಲಿಗೆ ಆರು. ಪೆಟ್ಟಿಗೆಯ ಮೂಲೆಯಲ್ಲಿ ಸೊನ್ನೆ ಬರೆದ ಕೊನೆಯದು ಉಳಿದಿತ್ತು. ಯಾವ ಪರೀಕ್ಷೆಯಲ್ಲೂ ಅಲ್ಲಾಡದ್ದು. ಅದನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ, ತೆಗೆಯುವ ಮನಸ್ಸೂ ಇರಲಿಲ್ಲ. ಯಜಮಾನರು ಗಾಜಿನ ಕಿಂಡಿಯಿಂದ ನೋಡಿ, "ಸೊನ್ನಿ ಮ್ಯಾಲ ಗೀರು ಬಿದ್ದೈತಿ ನೋಡು" ಅಂದರು. ನಾನು ಬರೆದ ಸೊನ್ನೆಯ ಅಂಚಿನಲ್ಲೇ ಚಿಪ್ಪು ನಕ್ಷತ್ರದ ಹಾಗೆ ಒಡೆದಿತ್ತು. ರಾತ್ರಿ ಹನ್ನೊಂದೂಕಾಲಿಗೆ ಹೊರಬಂತು. ಇಪ್ಪತ್ತಮೂರು ದಿನ ದಾಟಿತ್ತು. ಉಳಿದವಕ್ಕಿಂತ ಚಿಕ್ಕದು, ತಾಯಿಯ ಹಾಗೆ ಕೆಂಚು.

ಬೇರೆ ಹಕ್ಕಿ ಸಾಕುವವರಿಗೆ ಒಂದು ಮಾತು. ಬೆಳಕು, ರೆಪ್ಪೆ, ನೀರು, ಎಲ್ಲಕ್ಕೂ ಇದೇ ರೀತಿ, ದಿನದ ಲೆಕ್ಕ ಮಾತ್ರ ಬೇರೆ. ಬಾತುಕೋಳಿ ಮತ್ತು ಟರ್ಕಿಗೆ 28, ಗಿನಿಕೋಳಿಗೆ 26ರಿಂದ 28, ಜಪಾನಿ ಕೌಜುಗಕ್ಕೆ 17ರಿಂದ 18. ಕೌಜುಗದ ಚಿಪ್ಪಿನ ಮೇಲೆ ಮಚ್ಚೆ ಇರುವುದರಿಂದ ಬೆಳಕಿನಲ್ಲಿ ಕಾಣುವುದು ಕಷ್ಟ. ಹೊಲದ ಬದುವಿನಲ್ಲಿ ನವಿಲಿನ ತತ್ತಿ ಸಿಕ್ಕಿತು, ಪೆಟ್ಟಿಗೆಯಲ್ಲಿಡಲೇ ಎಂದು ಕೇಳುವವರೂ ಇದ್ದಾರೆ. ದಯವಿಟ್ಟು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಇದ್ದಲ್ಲೇ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ಏಳು ಮರಿಗಳೂ ಈಗ ಹತ್ತು ದಿನದವು. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಕೊಟ್ಟೆವು, ಈಗ 32ಕ್ಕೆ ಇಳಿಸಿದ್ದೇವೆ. ಸಜ್ಜಿ ನುಚ್ಚು ತಿನ್ನುತ್ತಿವೆ. ಕೊಟ್ಟಿಗೆಯ ಬಾಗಿಲಿಗೆ ಯಜಮಾನರು ಜಾಳಿಗೆ ಬಡಿದಿದ್ದಾರೆ. ಆದರೂ ರಾತ್ರಿ ಬುಟ್ಟಿಯನ್ನು ಪಡಸಾಲೆಗೇ ತರುತ್ತೇವೆ, ಮಾವ ಅದರ ಪಕ್ಕ ಹಾಸಿಕೊಂಡು ಮಲಗುತ್ತಾರೆ.